ಅಳಬೇಡ ಕಂದ, ನಾನಿದ್ದೇನೆ

ಸಂಗೀತದ ಮೇಷ್ಟ್ರ ಬಾವಮೈದುನನಿಗೆ ಫೋಟೋ ತೆಗೆಯುವ ವಿಷಯದಲ್ಲಿ ಇದ್ದದ್ದು ಎರಡೇ ನಿಯಮ. ಎರಡು ಕಣ್ಣೂ ತೆರೆದಿರಬೇಕು, ಎರಡು ಕಿವಿಯೂ ಕಾಣಬೇಕು. ಹದಿನೆಂಟು ವರ್ಷದಿಂದ ಅವನು ತನ್ನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟಿಗೆ, ಲೈಸೆನ್ಸಿಗೆ, ಪಿಂಚಣಿ ಪುಸ್ತಕಕ್ಕೆ ಅಂಟಿಸುವ ಫೋಟೋಗಳನ್ನು ಬಿಟ್ಟು ಬೇರೇನೂ ತೆಗೆದವನಲ್ಲ. ತಾನು ತೆಗೆದ ಒಂದೇ ಒಂದು ಫೋಟೋವನ್ನೂ ಯಾವ ಕಚೇರಿಯವರೂ ತಿರಸ್ಕರಿಸಿಲ್ಲ ಎಂಬುದು ಅವನ ಹೆಮ್ಮೆ. ಅಂಥವನ ಕೈಗೆ ತಮ್ಮ ಜೀವನದ ಮೊದಲ ರೆಕಾರ್ಡಿನ ಕವರನ್ನು ಒಪ್ಪಿಸಿದ್ದು ಮೇಷ್ಟ್ರು ಮಾಡಿದ ತಪ್ಪು. ಒಪ್ಪಿಸದೆ ಇದ್ದಿದ್ದರೆ ಅದಕ್ಕಿಂತ ದೊಡ್ಡ ತಪ್ಪಾಗುತ್ತಿತ್ತು, ಏಕೆಂದರೆ ಬಾವಮೈದುನ ಎಂದರೆ ಹೆಂಡತಿಯ ತಮ್ಮ. "ಮನೇಲೇ ಕಲಾವಿದ ಇಟ್ಕೊಂಡು ಬೀದೀಲಿ ಯಾರನ್ನೋ ಹುಡುಕ್ತೀರಾ?" ಎಂದು ಆಕೆ ಒಂದೇ ಮಾತು ಕೇಳಿದ್ದಳು. ಆ ಮಾತಿಗೆ ಎದುರು ಹೇಳಿ ನೆಮ್ಮದಿಯಾಗಿ ಉಂಡ ಗಂಡ ಇನ್ನೂ ಹುಟ್ಟಿಲ್ಲ.

ರೆಕಾರ್ಡು ಜೋಗುಳಗಳದ್ದು. ಮೇಷ್ಟ್ರ ತಾಯಿ ಮಕ್ಕಳ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ನಿದ್ದೆ ಬಾರದ ಮಕ್ಕಳ ಮಂಚದ ಪಕ್ಕ ಕೂತು, ತಾವೇ ಪದ ಕಟ್ಟಿ ಹಾಡುತ್ತಿದ್ದರು. ಓದು ಬರಹ ಬಾರದ ಆಕೆಯ ಹನ್ನೆರಡು ಜೋಗುಳಗಳು ಉಳಿದಿದ್ದದ್ದು ಮಗನ ತಲೆಯೊಳಗೆ ಮಾತ್ರ. ಆ ತಲೆಗೋ ಐವತ್ತಾರು ದಾಟಿತ್ತು. ಹಿಂದಿನ ತಿಂಗಳು ಮೇಷ್ಟ್ರು ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಅರ್ಧ ಗಂಟೆ ಹಾಜರಿ ಪುಸ್ತಕ ಹುಡುಕಿದ್ದರು. ಇನ್ನು ತಡ ಮಾಡಿದರೆ ಹಾಡುಗಳೂ ಹಾಗೇ ಕಳೆದುಹೋದಾವು ಎಂದು ಹೆದರಿ, ರಜೆಯಲ್ಲಿ ರೆಕಾರ್ಡ್ ಕಂಪನಿಗೆ ಹೋಗಿ ಎರಡು ದಿನ ಕೂತು, ಹನ್ನೆರಡನ್ನೂ ಹಾಡಿ ಬಂದಿದ್ದರು. ಹೆಸರು, 'ಅಳಬೇಡ ಕಂದ, ನಾನಿದ್ದೇನೆ'. ಅದು ಅವರ ತಾಯಿಯ ಮೊದಲ ಹಾಡಿನ ಮೊದಲ ಸಾಲು.

ಫೋಟೋಗೆ ಕೆಳಗಿನ ಮನೆ ಅಜ್ಜಿಯ ಮೊಮ್ಮಗುವನ್ನು ಎರವಲು ತಂದಿದ್ದರು. ಒಂದು ವರ್ಷದ ಮಗು, ಅಳುವುದೆಂದರೆ ಏನೆಂದೇ ಗೊತ್ತಿಲ್ಲ ಎಂದು ಬೀದಿಗೆಲ್ಲ ಹೆಸರಾಗಿತ್ತು. ತೊಟ್ಟಿಲಲ್ಲಿ ಮಗು, ಪಕ್ಕದಲ್ಲಿ ಬಾಗಿ ಹಾಡುವ ಮೇಷ್ಟ್ರು, ಇದು ಚಿತ್ರ. ಸ್ಟುಡಿಯೋದ ದೊಡ್ಡ ದೀಪ ಅವತ್ತೇ ಕೈಕೊಟ್ಟಿದ್ದರಿಂದ ಬಾವಮೈದುನ ಮೇಜಿನ ದೀಪವೊಂದನ್ನು ತೊಟ್ಟಿಲ ಬುಡದಲ್ಲಿಟ್ಟು ಬೆಳಕನ್ನು ಮೇಲಕ್ಕೆ ತಿರುಗಿಸಿದ. ಎಂಟು ಫೋಟೋ ಸುಸೂತ್ರವಾಗಿ ನಡೆಯಿತು. ಒಂಬತ್ತನೆಯದಕ್ಕೆ ಅವನ ಮೊಣಕೈ ತಗುಲಿ ಹಿಂದಿದ್ದ ಕಬ್ಬಿಣದ ಸ್ಟ್ಯಾಂಡು ಧಡಾರನೆ ಬಿತ್ತು. ಆಮೇಲೆ ಅವನು, ಚಿತ್ರ ಪ್ರಥಮ ದರ್ಜೆಯಲ್ಲಿ ಬಂದಿದೆ ಬಾವ, ನೀವು ನೆಮ್ಮದಿಯಾಗಿ ಪರೀಕ್ಷೆ ಪೇಪರು ತಿದ್ದಿ, ಕವರು ಅಚ್ಚು ಹಾಕಿಸೋದು ನನ್ನ ಜವಾಬ್ದಾರಿ ಎಂದಿದ್ದ. ಮೇಷ್ಟ್ರು ಪೇಪರು ತಿದ್ದುತ್ತ ಕೂತರು.

ರೆಕಾರ್ಡಿನ ಪೆಟ್ಟಿಗೆ ಶಾಲೆಗೇ ಬಂತು. ಬೆಳಗಿನ ಎರಡನೇ ಪೀರಿಯಡ್ಡು, ಶಿಕ್ಷಕರ ಕೋಣೆ ತುಂಬಿತ್ತು. ಡ್ರಿಲ್ ಮೇಷ್ಟ್ರು ಯಾರೂ ಕೇಳದಿದ್ದರೂ ಜೇಬಿನಿಂದ ಚಾಕು ತೆಗೆದು ದಾರ ಕತ್ತರಿಸಿ, ಒಂದು ರೆಕಾರ್ಡು ಹೊರಗೆಳೆದು, ನೋಡಿ, ಎರಡು ಹೆಜ್ಜೆ ಹಿಂದೆ ಸರಿದರು. ಮೂವತ್ತು ವರ್ಷ ಹುಡುಗರನ್ನು ಕೇವಲ ಮೀಸೆಯಿಂದ ಹೆದರಿಸಿದ ಮನುಷ್ಯ ಅವರು.

ಮೇಷ್ಟ್ರು ನೋಡಿದರು. ಕತ್ತಲ ಹಿನ್ನೆಲೆ. ತೊಟ್ಟಿಲಲ್ಲಿ ಮಗು, ಮುಖವೆಲ್ಲ ಬಾಯಾಗಿ ಕಿರುಚುತ್ತಿದೆ. ಅದರ ಮೇಲೆ, ಹತ್ತೂ ಬೆರಳು ಅಗಲಿಸಿ, ಕಿರುನಾಲಗೆ ಕಾಣುವಷ್ಟು ಬಾಯಿ ತೆರೆದು, ಕೆಳಗಿನ ಬೆಳಕಿಗೆ ಮೂಗಿನ ಹೊಳ್ಳೆಗಳೆರಡೂ ಗವಿಯಾಗಿ, ಮೂರು ದಿನದಿಂದ ಹೊಟ್ಟೆಗಿಲ್ಲದ ಯಾವುದೋ ಪ್ರಾಣಿಯಂತೆ ಎರಗುತ್ತಿರುವವರು ತಾವೇ. ಕಣ್ಣು ಮಾತ್ರ ಎರಡೂ ಚೆನ್ನಾಗಿ ತೆರೆದಿದ್ದವು. ಕಿವಿಯೂ ಎರಡೂ ಕಾಣುತ್ತಿದ್ದವು. ಚಿತ್ರಕ್ಕೆ ಅಡ್ಡಲಾಗಿ ಕೆಂಪು ಅಕ್ಷರ. ಅಚ್ಚಿನ ಶಾಯಿ ತೆಳ್ಳಗಾಗಿ ಒಂದೊಂದು ಅಕ್ಷರದಿಂದಲೂ ಕೆಳಕ್ಕೆ ಸುರಿದಿತ್ತು: 'ಅಳಬೇಡ ಕಂದ, ನಾನಿದ್ದೇನೆ'. ಅದರ ಕೆಳಗೆ ಸಣ್ಣಗೆ ಬಾವಮೈದುನನ ಸ್ಟುಡಿಯೋದ ಹೆಸರು, ಮತ್ತು ಅವನು ಅಂಗಡಿಯ ಬೋರ್ಡಿನಲ್ಲಿ ಯಾವಾಗಲೂ ಬರೆಸುವ ಸಾಲು: 'ನಿಮ್ಮ ಮಕ್ಕಳನ್ನೂ ಕರೆತನ್ನಿ'.

ಗಣಿತದ ಮೇಡಂ ಸೆರಗನ್ನು ಬಾಯಿಗೆ ತುರುಕಿಕೊಂಡು ಕಿಟಕಿಯ ಕಡೆ ತಿರುಗಿದರು. ಅವರ ಭುಜ ಕುಲುಕುವುದನ್ನು ನೋಡಿ ಉಳಿದವರ ಕಟ್ಟೆ ಒಡೆಯಿತು. ನಗದಿದ್ದವರು ಹೆಡ್ ಮಿಸ್ ಒಬ್ಬರೇ. ಅವರು ಕವರನ್ನು ಕೈಯಲ್ಲಿ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಕವುಚಿ ಹಾಕಿ, "ಮೇಷ್ಟ್ರೆ, ಒಂದನೇ ಕ್ಲಾಸಿನ ಕಡೆ ಇದನ್ನ ತಗೊಂಡು ಹೋಗ್ಬೇಡಿ" ಎಂದರು.

ಮೇಷ್ಟ್ರ ಜೀವ ಹೋದದ್ದು ಆಗಲ್ಲ, ಅದಾದ ಮೇಲೆ. ಪೆಟ್ಟಿಗೆಯ ಜೊತೆ ಬಂದಿದ್ದ ಚೀಟಿಯಲ್ಲಿ, ಐವತ್ತು ರೆಕಾರ್ಡುಗಳನ್ನು ನೇರವಾಗಿ ಪೇಟೆಯ ರೆಕಾರ್ಡ್ ಅಂಗಡಿಗೆ ತಲುಪಿಸಲಾಗಿದೆ ಎಂದಿತ್ತು. ಅಂಗಡಿ ತೆರೆಯುವುದು ಹತ್ತಕ್ಕೆ. ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು. ಅವರು ಅರ್ಧ ದಿನ ರಜೆ ಬರೆದು, ಕೊಡೆ ಬಿಟ್ಟು, ಡ್ರಿಲ್ ಮೇಷ್ಟ್ರ ಸೈಕಲ್ಲು ಎರವಲು ಪಡೆದು ಹೊರಟರು.

ಸ್ಟುಡಿಯೋ ದಾರಿಯಲ್ಲೇ ಇತ್ತು. ಇಳಿದು ಎರಡು ಮಾತು ಅಂದೇ ಹೋಗೋಣ ಎಂದು ಒಳನುಗ್ಗಿದರೆ, ಬಾವಮೈದುನ ಗೋಡೆಗೆ ಮೊಳೆ ಹೊಡೆದು ಅದೇ ಕವರನ್ನು ನೇತುಹಾಕುತ್ತಿದ್ದ. ಉಳಿದ ಎಂಟು ಫೋಟೋ ಏನಾದವು ಎಂದು ಮೇಷ್ಟ್ರು ಕೇಳಿದರು.

"ಎಂಟರಲ್ಲೂ ನೀವು ಕಣ್ಣು ಮುಚ್ಕೊಂಡಿದ್ರಿ ಬಾವ" ಎಂದ ಅವನು, ಇನ್ನೊಂದು ಮೊಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ.

"ಹಾಡೋವಾಗ ಕಣ್ಣು ಮುಚ್ತಾರಪ್ಪ."

"ಮುಚ್ಚಿದ ಕಣ್ಣು ಯಾವ ಆಫೀಸಲ್ಲೂ ನಡಿಯಲ್ಲ."

ಅವನ ಮುಖದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನ ಹತ್ತಿರ ಜಗಳ ಆಡಿ ಉಪಯೋಗವೇನು? ಅದೂ ಅಲ್ಲದೆ ಸಂಜೆ ಮನೆಗೆ ಹೋಗಬೇಕು, ಮನೆಯಲ್ಲಿ ಅವನ ಅಕ್ಕ ಇದ್ದಾಳೆ. ಮೇಷ್ಟ್ರು ಸೈಕಲ್ಲು ಹತ್ತಿದರು.

ರೆಕಾರ್ಡ್ ಅಂಗಡಿಯ ಮುಂದೆ ಜನ ಸೇರಿದ್ದರು. ಗಾಜಿನ ಕಿಟಕಿಯೊಳಗೆ ಕವರು ನಿಂತಿತ್ತು. ಅದರ ಒಂದು ಪಕ್ಕದಲ್ಲಿ ದೆವ್ವದ ಕತೆಗಳ ರೆಕಾರ್ಡು, ಇನ್ನೊಂದು ಪಕ್ಕದಲ್ಲಿ ಹೊಸ ಕೊಲೆ ನಾಟಕದ್ದು. ಜನರು ಒಬ್ಬರ ಹೆಗಲ ಮೇಲೊಬ್ಬರು ಬಾಗಿ ನಗುತ್ತಿದ್ದರು. ಒಬ್ಬಾತ ತನ್ನ ಸ್ನೇಹಿತನನ್ನು ತೊಟ್ಟಿಲ ಮಗುವಿನಂತೆ ಬಗ್ಗಿಸಿ ನಿಲ್ಲಿಸಿ, ತಾನು ಹತ್ತು ಬೆರಳು ಅಗಲಿಸಿ ತೋರಿಸುತ್ತಿದ್ದ. ಮೇಷ್ಟ್ರು ತಲೆ ತಗ್ಗಿಸಿ ನುಸುಳಲು ನೋಡಿದರು. ಆಗ ತಾಯಿಯ ಕೈಹಿಡಿದು ನಿಂತಿದ್ದ ನಾಲ್ಕು ವರ್ಷದ ಹುಡುಗಿಯೊಬ್ಬಳು ಕಿಟಕಿಯನ್ನೊಮ್ಮೆ, ಅವರನ್ನೊಮ್ಮೆ ನೋಡಿ, ಆ ಬೀದಿಯ ಕೊನೆಯವರೆಗೂ ಕೇಳುವಂತೆ ಕಿಟಾರನೆ ಕಿರುಚಿದಳು.

ಅಲ್ಲಿಗೆ ಗುಟ್ಟು ರಟ್ಟಾಯಿತು. ಜನ ಅವರಿಗೆ ಗೌರವದಿಂದ ದಾರಿ ಬಿಟ್ಟರು. ಒಬ್ಬ ಕವರು ಚಾಚಿ ರುಜು ಕೇಳಿದ. ಇನ್ನೊಬ್ಬ ಸ್ವಲ್ಪ ಬಾಯಿ ತೆಗೀರಿ ಸಾರ್, ಹೋಲಿಸಿ ನೋಡೋಣ ಎಂದ.

ಅಂಗಡಿಯ ಯಜಮಾನರು ದಪ್ಪ ಕನ್ನಡಕದ ಸಾಧು ಮನುಷ್ಯ. ಅವರಿಗೆ ಮೇಷ್ಟ್ರನ್ನು ಕಂಡು ಕಣ್ಣಲ್ಲಿ ನೀರೇ ಬಂತು. ಒಂದೇ ಬೆಳಿಗ್ಗೆಯಲ್ಲಿ ಇಷ್ಟು ವ್ಯಾಪಾರ ತಾನು ಅಂಗಡಿ ಇಟ್ಟಮೇಲೆ ಕಂಡಿಲ್ಲ, ಐವತ್ತರಲ್ಲಿ ಕಿಟಕಿಯಲ್ಲಿರುವುದೊಂದು ಬಿಟ್ಟರೆ ಎಲ್ಲ ಖಾಲಿ ಎಂದರು. ಅದನ್ನು ಭಯಾನಕ ಕತೆಗಳ ಸಾಲಿನಲ್ಲಿ ಏಕೆ ಇಟ್ಟಿರಿ ಎಂದು ಮೇಷ್ಟ್ರು ಕೇಳಿದ್ದಕ್ಕೆ, ಮತ್ತೆಲ್ಲಿ ಇಡಬೇಕಿತ್ತು ಎಂದು ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. ಅದು ಜೋಗುಳ ಎಂದು ತಿಳಿದಾಗ ಕನ್ನಡಕ ತೆಗೆದು ಒರೆಸಿಕೊಂಡು, "ಒಳಗಡೆ ಏನಿದ್ರೂ ಒಳಗಡೇನೇ ಇರಲಿ ಬಿಡಿ. ಜನಕ್ಕೆ ಹೊರಗಡೇದು ಹಿಡಿಸಿದೆ" ಎಂದು ಸಮಾಧಾನ ಹೇಳಿದರು. ಆ ಉಳಿದ ಒಂದನ್ನಾದರೂ ಕೊಡಿ ಎಂದರೆ, ಕಿಟಕಿಯಿಂದ ಅದನ್ನು ತೆಗೆದರೆ ಹೊರಗಿನ ಜನ ನನ್ನನ್ನು ಸುಮ್ಮನೆ ಬಿಡುತ್ತಾರೆಯೇ ಎಂದರು. ಯಾರು ಯಾರು ಕೊಂಡರು ಎಂದು ಕೇಳಿದಾಗ ಮಾತ್ರ ಎರಡು ಹೆಸರು ನೆನಪಿಸಿಕೊಂಡು ಹೇಳಿದರು: ಎದುರು ಸಾಲಿನ ಕ್ಷೌರಿಕ, ಮೂಲೆಯ ಹಲ್ಲಿನ ಡಾಕ್ಟರು.

ಕ್ಷೌರಿಕ ಕವರನ್ನು ಕನ್ನಡಿಯ ಪಕ್ಕ ಸಿಕ್ಕಿಸಿದ್ದ. ಎತ್ತರದ ಕುರ್ಚಿಯಲ್ಲಿ ಒಬ್ಬ ಪೋರ, ಬೆನ್ನು ನೆಟ್ಟಗೆ ಮಾಡಿ, ರೆಪ್ಪೆ ಕೂಡ ಅಲುಗಿಸದೆ ಕೂತಿದ್ದ. ಮುಂಚೆ ಇಂಥವರ ತಲೆ ಹಿಡಿದುಕೊಳ್ಳಲು ಇಬ್ಬರು ಬೇಕಾಗಿತ್ತು, ಈಗ ಈ ಅಣ್ಣ ನೋಡ್ಕೋತಾರೆ ಎಂದು ಅವನು ಕತ್ತರಿಯಿಂದಲೇ ಚಿತ್ರ ತೋರಿಸಿದ. ತಿರುಗಿ ನೋಡಿ ಚಿತ್ರದಲ್ಲಿದ್ದವರೇ ಬಾಗಿಲಲ್ಲಿ ನಿಂತಿರುವುದು ಕಂಡು ಕತ್ತರಿಯನ್ನು ಕೆಳಗಿಟ್ಟು ಕೈಮುಗಿದ. ಆದರೆ ಕವರು ಮಾತ್ರ ಕೊಡಲಾರೆ ಎಂದ. ಬೇಕಾದರೆ ಒಳಗಿನ ತಟ್ಟೆ ತಗೊಂಡು ಹೋಗಿ, ತನ್ನ ಹತ್ತಿರ ಅದನ್ನು ಹಾಕಿ ಕೇಳುವ ಯಂತ್ರವಿಲ್ಲ ಎಂದ. ತಟ್ಟೆ ಟೀ ಲೋಟದ ಕೆಳಗಿತ್ತು.

ಅಮ್ಮನ ಹಾಡಿನ ಮೇಲೆ ಟೀ ಲೋಟ ಕಂಡಾಗ ಮೇಷ್ಟ್ರಿಗೆ ಅವತ್ತು ಮೊದಲ ಸಲ ನಾಚಿಕೆ ಹೋಗಿ ಸಿಟ್ಟು ಬಂತು. ಒಂದಾದರೂ, ಒಂದೇ ಒಂದಾದರೂ ಕವರನ್ನು ಇವತ್ತು ಹಿಂದೆ ತಂದೇ ತರುತ್ತೇನೆ ಎಂದು ಪಣತೊಟ್ಟು ಹಲ್ಲಿನ ಡಾಕ್ಟರ ಮೆಟ್ಟಿಲು ಹತ್ತಿದರು.

ಡಾಕ್ಟರು ಅವರ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಅವರ ಕಣ್ಣು ಮೇಷ್ಟ್ರ ಬಾಯಿಯ ಮೇಲಿತ್ತು. ಕವರನ್ನು ಅವರು ರೋಗಿಗಳು ಕಾಯುವ ಕೋಣೆಯಲ್ಲಿ ಗೋಡೆಗೆ ಹಾಕಿದ್ದರು, ಕೆಳಗೆ 'ಬಾಯಿಯನ್ನು ಹೀಗೆ ತೆರೆಯಬೇಕು' ಎಂದು ಬರೆದು.

"ನಲವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಬಾಯಿ ತೆಗೆದವರನ್ನ ನೋಡಿಲ್ಲ. ಕೊನೇ ದವಡೆ ಹಲ್ಲಿನ ತನಕ ಕಾಣುತ್ತೆ" ಎಂದರು ಡಾಕ್ಟರು. "ಆದ್ರೆ ಕೆಳಗಿನ ಎಡಗಡೇದು ಹುಳುಕಾಗಿದೆ. ಚಿತ್ರದಲ್ಲೇ ಗೊತ್ತಾಯ್ತು. ಕೂತ್ಕೊಳ್ಳಿ."

ಮೇಷ್ಟ್ರು ತಾವು ಬಂದಿದ್ದು ಕವರಿಗಾಗಿ ಎಂದರು. ಹಲ್ಲು ತುಂಬಿಸಿಕೊಂಡರೆ ಕವರು ಕೊಡುತ್ತೇನೆ, ಹುಳುಕು ಹಲ್ಲನ್ನು ಕಂಡೂ ಸುಮ್ಮನೆ ಕಳಿಸುವುದು ತನ್ನ ವೃತ್ತಿಗೆ ಒಪ್ಪುವುದಿಲ್ಲ ಎಂದರು ಡಾಕ್ಟರು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ವಾದ ಗೆದ್ದವರುಂಟೆ? ಸೂಜಿ ಚುಚ್ಚಿತು, ಯಂತ್ರ ಗುಂಯ್‌ಗುಟ್ಟಿತು. ಒಂದು ಗಂಟೆಯ ನಂತರ ಮೇಷ್ಟ್ರು ಕಂಕುಳಲ್ಲಿ ತಟ್ಟೆ ಸಮೇತ ಕವರು, ಬಾಯಲ್ಲಿ ಹತ್ತಿ ಇಟ್ಟುಕೊಂಡು ಮೆಟ್ಟಿಲಿಳಿದರು. ಎಡಗೆನ್ನೆ, ಎಡ ತುಟಿ, ನಾಲಗೆಯ ಅರ್ಧ, ಯಾವುದೂ ಅವರದ್ದಾಗಿರಲಿಲ್ಲ. ಗುಡ್ಡ ಅಗೆದು ಇಲಿ ಹಿಡಿದ ಹಾಗೆ, ಐವತ್ತರಲ್ಲಿ ಒಂದು.

ಸೈಕಲ್ಲು ತಳ್ಳಿಕೊಂಡು ಮನೆ ಮುಟ್ಟುವ ಹೊತ್ತಿಗೆ ಮೂರು ಗಂಟೆ. ಮೆಲ್ಲಗೆ ಮಹಡಿ ಹತ್ತಿಬಿಡೋಣ ಎಂದರೆ ಕೆಳಗಿನ ಮನೆ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದರು. ತಮ್ಮ ಮೊಮ್ಮಗುವನ್ನು ಕವರಿನಲ್ಲಿ ನೋಡಿದರೆ ಅಜ್ಜಿ ಏನನ್ನುತ್ತಾರೋ ಎಂದು ಮೇಷ್ಟ್ರು ಅದನ್ನು ಬೆನ್ನ ಹಿಂದೆ ಅಡಗಿಸಿದರು. ಅಜ್ಜಿಯ ಮುಖವೋ ಅರಳಿತ್ತು.

"ಎಷ್ಟು ಚೆನ್ನಾಗಿ ಬಂದಿದೆ ನಮ್ಮ ಮಗು" ಎಂದರು, ಬೆಳಿಗ್ಗೆ ಪೇಟೆಯಿಂದ ತಾವೇ ತರಿಸಿಕೊಂಡಿದ್ದ ಕವರನ್ನು ಎತ್ತಿ ತೋರಿಸುತ್ತ. "ನಿಮ್ಮ ರೆಕಾರ್ಡಿಂದ ತುಂಬಾ ಉಪಕಾರ ಆಯ್ತು ಮೇಷ್ಟ್ರೆ. ಪಕ್ಕದ ಮನೆಯವರ ಮಗು ಎರಡು ವಾರದಿಂದ ಮಧ್ಯಾಹ್ನ ಕಣ್ಣು ಮುಚ್ತಿರಲಿಲ್ಲವಂತೆ. ಇವತ್ತು ಎರಡೇ ನಿಮಿಷಕ್ಕೆ ಗಪ್‌ಚಿಪ್."

ಕವರು ಹೇಗಾದರೂ ಇರಲಿ, ಅಮ್ಮನ ಹಾಡು ಒಂದು ಮಗುವನ್ನು ಮಲಗಿಸಿತಲ್ಲ. ಯಾವ ಹಾಡಿಗೆ ಮಲಗಿತು ಎಂದು ಮೇಷ್ಟ್ರು ಸೊಟ್ಟ ಬಾಯಲ್ಲೇ ಕೇಳಿದರು.

"ಹಾಡಾ? ಹಾಡು ಯಾರು ಹಾಕಿದ್ರು? ಅದರ ತಾಯಿ ನಮ್ಮ ಕವರು ಇಸ್ಕೊಂಡು ಹೋಗಿ ತೋರಿಸಿದ್ಲು, ಮಗು ಹೊದಿಕೆ ಎಳ್ಕೊಂಡು ಕಣ್ಣು ಮುಚ್ಚಿತು" ಎಂದರು ಅಜ್ಜಿ.

ಇನ್ನು ಮೇಷ್ಟ್ರಿಂದ ತಾಳಲಾಗಲಿಲ್ಲ. ಅಜ್ಜಿಯ ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇತ್ತು. ಈಗಲೇ ಹಾಕಿ ಕೇಳಲೇಬೇಕು ಎಂದು ಕೈಸನ್ನೆ ಮಾಡಿ ಅಂಗಲಾಚಿದರು. ಸೊಸೆ ಮಗುವನ್ನೆತ್ತಿಕೊಂಡು ಬಂದು ಕೂತಳು. ಫೋಟೋ ತೆಗೆದ ದಿನದಿಂದ ಮಗುವಿಗೆ ಅಳುವುದು ಚೆನ್ನಾಗಿ ಬರುತ್ತಿತ್ತು, ಹಗಲಲ್ಲಿ ನಿದ್ದೆ ಬಿಟ್ಟಿತ್ತು; ಆದ್ದರಿಂದ ಅಜ್ಜಿ, ಬೇಜಾರು ಮಾಡಿಕೊಳ್ಳದೆ ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ ಎಂದು ಮೇಷ್ಟ್ರಿಗೆ ಹೇಳಿದರು. ಅವರು ಗೋಡೆಗೆ ಮುಖ ಮಾಡಿ ಕೂತರು. ಅದೇ ಒಳ್ಳೆಯದೆನಿಸಿತು. ಕಣ್ಣು ಮುಚ್ಚಿಕೊಂಡರು. ಮುಳ್ಳು ತಟ್ಟೆಯ ಮೇಲೆ ಇಳಿದು ಕರಕರ ಎಂದಿತು. ಅಮ್ಮ ಮಂಚದ ಪಕ್ಕ ಕೂತು ಗಂಟಲು ಸರಿಮಾಡಿಕೊಳ್ಳುತ್ತಿದ್ದುದು ನೆನಪಾಯಿತು.

"ಮಾನ್ಯ ಕೋಳಿ ಸಾಕಣೆದಾರರೆ" ಎಂದಿತು ರೆಕಾರ್ಡು. ಯಾವುದೋ ಗಂಡಸಿನ ಭಾರವಾದ ದನಿ. "ಕೋಳಿಗಳಿಗೆ ಬರುವ ರೋಗಗಳು ಮುಖ್ಯವಾಗಿ ಹದಿನೇಳು. ಮೊದಲನೆಯದಾಗಿ ಭೇದಿಯನ್ನು ತೆಗೆದುಕೊಳ್ಳೋಣ."

ಮೇಷ್ಟ್ರು ಮಗುವನ್ನು ಮರೆತು ಗಿರಕ್ಕನೆ ತಿರುಗಿ ತಟ್ಟೆಯ ಮೇಲೆ ಬಾಗಿದರು. ನಡುವಿನ ಲೇಬಲ್ಲಿನಲ್ಲಿ ತಮ್ಮದೇ ಹೆಸರು, ಹನ್ನೆರಡು ಹಾಡುಗಳ ಪಟ್ಟಿ. ಅದರ ಮೇಲೆ ಮುಳ್ಳು ಸುತ್ತುತ್ತ ಭೇದಿಯ ಲಕ್ಷಣ ಹೇಳುತ್ತಿತ್ತು. ಡಾಕ್ಟರಿಂದ ತಂದ ತಟ್ಟೆ ಹಾಕಿದರು. ಅದೂ ಮಾನ್ಯ ಕೋಳಿ ಸಾಕಣೆದಾರರೆ ಎಂದಿತು.

"ಇಡು ಡಾನಲ್ಲ" ಎಂದರು ಮೇಷ್ಟ್ರು, ಮರಗಟ್ಟಿದ ನಾಲಗೆಯಲ್ಲಿ. "ಇಡು ಡನ್ನ ಡನಿ ಅಲ್ಲ."

ಅಜ್ಜಿಗೆ ಅದು ಕಲಾವಿದರ ಸಂಕೋಚದಂತೆ ಕಂಡಿತು. ಮೇಷ್ಟ್ರ ದನಿ ಇಷ್ಟು ಗಂಭೀರವಾಗಿದೆಯೆಂದು ತನಗೆ ಗೊತ್ತಿರಲಿಲ್ಲ, ವಿಷಯವೂ ಉಪಯೋಗದ್ದೇ ಎಂದು ಸೊಸೆಗೆ ಹೇಳಿದರು. ಮೇಷ್ಟ್ರು ತಮ್ಮ ನಿಜವಾದ ದನಿ ತೋರಿಸಲೆಂದು ಮೊದಲ ಸಾಲು ಹಾಡಿಯೇಬಿಟ್ಟರು. ಅರ್ಧ ತುಟಿಯಿಂದ ಹೊರಟ ಆ ಜೋಗುಳ ಕವರಿಗೆ ಸರಿಯಾಗಿ ಒಪ್ಪುವಂತಿತ್ತು. ಮಗು ಬಾಯಿ ತೆರೆದು ಅಳಲು ಶುರುಮಾಡಿತು. ಸೊಸೆ ಮೆಲ್ಲಗೆ, ರೆಕಾರ್ಡೇ ಚೆನ್ನಾಗಿದೆ ಅಂಕಲ್ ಎಂದಳು.

ಪಡಸಾಲೆಯಲ್ಲಿ ಟೆಲಿಫೋನ್ ಇತ್ತು. ಮೇಷ್ಟ್ರು ಕಂಪನಿಗೆ ಫೋನು ಹಚ್ಚಿದರು. ಮ್ಯಾನೇಜರಿಗೆ ಅವರ ಮಾತು ಅರ್ಥವಾಗಲು ಮೂರು ಸಲ ಹೇಳಬೇಕಾಯಿತು.

"ಓ, ಅದಾ. ನಮಗೂ ನಿನ್ನೆ ಗೊತ್ತಾಯ್ತು ಮೇಷ್ಟ್ರೆ" ಎಂದರು ಮ್ಯಾನೇಜರು, ಏನೂ ಆಗದವರಂತೆ. "ಅಂಟಿಸೋವಾಗ ಲೇಬಲ್ ಅದಲು ಬದಲಾಗಿದೆ. ಕೋಳಿ ಡಾಕ್ಟರ ಭಾಷಣ ನಿಮ್ಮ ಕವರಿಗೆ ಬಂತು. ನಿಮ್ಮ ಹಾಡು ಅವರ ಕವರಲ್ಲಿ ಹೋಯ್ತು. ಅವು ಹತ್ತು ದಿನದ ಹಿಂದೇನೇ ಮುನ್ನೂರು ಕೋಳಿ ಫಾರಮ್ಮಿಗೆ ಹೋಗಿವೆ."

ಮೇಷ್ಟ್ರು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು.

ಮ್ಯಾನೇಜರು ಮುಂದುವರಿಸಿ ಹೇಳಿದ್ದು ಇಷ್ಟು. ಕೋಳಿ ಸಾಕುವವರು, ಇದೇನೋ ಹೊಸ ವಿಧಾನ ಇರಬೇಕೆಂದು ನಂಬಿ, ದಿನಾ ಸಂಜೆ ಜೋಗುಳಗಳನ್ನು ಕೋಳಿಮನೆಯಲ್ಲಿ ಹಾಕಿದ್ದಾರೆ. ಒಂದನ್ನೊಂದು ಕುಕ್ಕಿ ಸಾಯಿಸುತ್ತಿದ್ದ ಕೋಳಿಗಳು ಎರಡನೇ ಹಾಡಿಗೆಲ್ಲ ರೆಕ್ಕೆ ಮಡಿಸಿ ಸಾಲಾಗಿ ಕೂರುತ್ತವಂತೆ. ಮೊಟ್ಟೆ ಹೆಚ್ಚಿವೆಯಂತೆ. ಮೆಚ್ಚುಗೆಯ ಕಾಗದ ಬಂದು ಬಿದ್ದಿವೆ, ಎಲ್ಲ ಕೋಳಿ ಡಾಕ್ಟರ ಹೆಸರಿಗೆ. ಡಾಕ್ಟರೂ ಮೊದಲು ಗಾಬರಿಯಾದರು, ಆಮೇಲೆ ಚಿಕ್ಕಂದಿನಿಂದ ಸ್ವಲ್ಪ ಹಾಡುವ ಅಭ್ಯಾಸವಿತ್ತು ಎಂದು ಒಪ್ಪಿಕೊಂಡಿದ್ದಾರೆ.

ಇದನ್ನು ಸರಿಮಾಡಿ ಎಂದರು ಮೇಷ್ಟ್ರು. ಅದು ನನ್ನ ತಾಯಿಯ ಹಾಡು ಎಂದರು. ಎರಡನೆಯ ಮಾತು ಒಂದೇ ಸಲಕ್ಕೆ ಸ್ಪಷ್ಟವಾಗಿ ಬಂತು.

ಮ್ಯಾನೇಜರ ದನಿ ಮೆತ್ತಗಾಯಿತು. ಕೆಟ್ಟವರಲ್ಲ ಅವರು.

"ಮಾಡಬಹುದಿತ್ತು ಮೇಷ್ಟ್ರೆ" ಎಂದರು. "ಆದ್ರೆ ಆ ಕಡೆಯಿಂದ ಒಂದೂ ದೂರಿಲ್ಲ. ನಿಮ್ಮ ಊರಿನ ಅಂಗಡಿಯವರು ಮಧ್ಯಾಹ್ನ ಫೋನ್ ಮಾಡಿ ಇನ್ನೂ ಇನ್ನೂರು ಕಳಿಸಿ, ಒಂದು ಗೆರೆ ಕೂಡ ಬದಲಾಯಿಸಬೇಡಿ ಅಂದ್ರು. ಎರಡೂ ಕಡೆ ಸೇರಿ ನಮಗೆ ಬಂದಿರೋ ದೂರು ನಿಮ್ಮದೊಂದೇ."

ಮೇಷ್ಟ್ರು ಫೋನು ಇಟ್ಟರು. ಮುನ್ನೂರು ಕೋಳಿಮನೆ ಎಂದರೆ ಎಷ್ಟು ಸಾವಿರ ಕೋಳಿಯಾಗಬಹುದು ಎಂದು ಲೆಕ್ಕ ಹಾಕಲು ಹೋಗಿ, ಬಿಟ್ಟರು. ಇಷ್ಟು ದೊಡ್ಡ ಸಭೆಗೆ ಅಮ್ಮ ಎಂದೂ ಹಾಡಿರಲಿಲ್ಲ ಎಂಬುದಂತೂ ನಿಜ. ನಗು ಬಂದ ಹಾಗಾಯಿತು, ಆದರೆ ಬಲಗಡೆಗೆ ಮಾತ್ರ ಬಂತು.

ತಾವು ತಂದ ಕವರು ತೆಗೆದುಕೊಂಡು ಹೋಗೋಣ ಎಂದು ಕೋಣೆಯ ಬಾಗಿಲಿಗೆ ಬಂದರೆ ಅಜ್ಜಿ ತುಟಿಯ ಮೇಲೆ ಬೆರಳಿಟ್ಟು ಸದ್ದು ಮಾಡಬೇಡಿ ಎಂದರು. ರೆಕಾರ್ಡು ಇನ್ನೂ ಸುತ್ತುತ್ತಿತ್ತು. ಭಾರವಾದ ದನಿ ಏರಿಳಿತವಿಲ್ಲದೆ, ಪರೀಕ್ಷಾ ಕೊಠಡಿಯ ಫ್ಯಾನಿನ ಹಾಗೆ, ಐದನೆಯ ರೋಗದಿಂದ ಆರನೆಯದಕ್ಕೆ ಸಾಗುತ್ತಿತ್ತು. ಹಗಲು ನಿದ್ದೆ ಬಿಟ್ಟಿದ್ದ ಮಗು ತಾಯಿಯ ತೊಡೆಯ ಮೇಲೆ ಬಾಯಿ ಅರೆತೆರೆದು ಗಾಢವಾಗಿ ಮಲಗಿತ್ತು. ತಾಯಿಯೂ ಗೋಡೆಗೆ ಒರಗಿ ನಿದ್ದೆಹೋಗಿದ್ದಳು.

"ನಿಮ್ಮ ದನಿಯಲ್ಲಿ ಅದೇನೋ ಇದೆ ಮೇಷ್ಟ್ರೆ" ಎಂದು ಅಜ್ಜಿ ಪಿಸುಗುಟ್ಟಿದರು.

ಅಲ್ಲ ಎನ್ನಲು ಮೇಷ್ಟ್ರಿಗೆ ಬಾಯೂ ಬರಲಿಲ್ಲ, ಮನಸ್ಸೂ ಬರಲಿಲ್ಲ. ಮಗು ಎದ್ದೀತೆಂದು ಬಾಗಿಲ ಬಳಿಯೇ ಮೆಲ್ಲಗೆ ಕೂತರು. ಕೋಳಿ ಜ್ವರದ ಮೂರನೆಯ ಲಕ್ಷಣ ಬರುವ ಹೊತ್ತಿಗೆ ಅವರಿಗೂ ಆಕಳಿಕೆ ಬಂತು.